ಕತೆ ಕಟ್ಟೋದೂ ನಮ್ಮ ಕಸುಬೇ



ಪೋಸ್ಟ್ ಸ್ವಲ್ಪ ಉದ್ದ ಇದೆ. ಕತೆ ಬರೆಯೋ ಆಸೆ ಇರೋ ನಮ್ಮ ಹುಡುಗ ಹುಡುಗಿಯರು ಬಿಡುವು ಮಾಡಿಕೊಂಡು ಕೊನೇವರೆಗೂ ಓದಬೇಕು ಅಂತ ಕೇಳಿಕೊಳ್ತೀನಿ.

ನಮ್ಮವರ ಕತೆಗಳ ಬಗ್ಗೆ ಎರಡು ಮಾತು ಬಹಳ ವರ್ಷದಿಂದ ಓಡಾಡ್ತಾ ಇವೆ. ಒಂದು ಹೊರಗಿನಿಂದ ಬರೋದು: ‘ದಲಿತರ ಬರಹದಲ್ಲಿ ನೋವಿದೆ, ಕಲೆ ಇಲ್ಲ.’ ಇನ್ನೊಂದು ನಮ್ಮೊಳಗಿಂದಲೇ ಬರೋದು: ‘ನಮಗೆ ಕಲೆಗಿಲೆ ಯಾಕ್ರೀ, ಉಂಡ ನೋವನ್ನ ಇದ್ದಂಗೆ ಬರೆದ್ರೆ ಸಾಕು.’ ಮೊದಲನೇ ಮಾತಿಗೆ ನಮಗೆ ಸಿಟ್ಟು ಬರುತ್ತೆ. ಎರಡನೇದಕ್ಕೆ ಚಪ್ಪಾಳೆ ತಟ್ತೀವಿ. ಆದರೆ ಕಲೆ ಅನ್ನೋದು ಮೇಲ್ಜಾತಿಯವರ ಮನೆ ಆಸ್ತಿ, ನಮಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋದನ್ನ ಎರಡು ಮಾತೂ ಒಪ್ಪಿಕೊಂಡುಬಿಟ್ಟಿವೆ. ಇತಿಹಾಸ ತೆಗೆದು ನೋಡಿದರೆ ಇದು ನಿಜ ಅಲ್ಲ ಅನ್ನೋದು ಗೊತ್ತಾಗುತ್ತೆ. ಕನ್ನಡದಲ್ಲಿ ಕತೆ ಹೇಳೋ ರೀತಿಯನ್ನೇ ಬದಲಾಯಿಸಿದವರಲ್ಲಿ ನಮ್ಮವರು ಮುಂದಿನ ಸಾಲಲ್ಲಿದ್ದಾರೆ. ಅವರು ಅದನ್ನ ಹೇಗೆ ಮಾಡಿದರು ಅನ್ನೋದನ್ನ ನಾವು ಕಲೀಬೇಕು, ಅಷ್ಟೇ.

ಇತಿಹಾಸವನ್ನ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡೋಣ. ಕತೆ ಹೇಳೋನು ಎಲ್ಲಿ ನಿಂತಿದ್ದಾನೆ? ಊರಲ್ಲೋ, ಕೇರಿಯಲ್ಲೋ? ಅಂಗಳದಲ್ಲೋ, ಗುಡಿಸಲ ಒಳಗೋ?

1933ಕ್ಕೆ ಹೋಗೋಣ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದ ವರ್ಷ. ಚೋಮನ ಹತ್ತಿರ ಒಂದು ಜೊತೆ ಎತ್ತಿದೆ, ಉಳೋಕೆ ಅಂಗೈಯಗಲ ಭೂಮಿ ಇಲ್ಲ. ಅವನ ಜಾತಿಗೆ ಬೇಸಾಯದ ಹಕ್ಕೇ ಇಲ್ಲ. ಸಿಟ್ಟು ಬಂದರೂ ದುಃಖ ಬಂದರೂ ದುಡಿ ಬಡೀತಾನೆ. ಆ ಕಾಲಕ್ಕೆ ಅಸ್ಪೃಶ್ಯನೊಬ್ಬನನ್ನ ಕಾದಂಬರಿಯ ನಡುಮನೆಗೆ ತಂದು ಕೂರಿಸಿದ್ದು ದೊಡ್ಡ ಕೆಲಸ. ಆ ಋಣ ಇದೆ, ಇಲ್ಲ ಅನ್ನಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಸೀಮೆಯ ಚೋಮ ಮನೆಯಲ್ಲಿ ಆಡೋ ಮಾತು ತುಳು. ಪುಸ್ತಕದಲ್ಲಿ ಅವನು ಕನ್ನಡ ಮಾತಾಡ್ತಾನೆ. ಅವನ ಬಗ್ಗೆ ಹೇಳೋ ನಿರೂಪಕನದು ಓದಿದವರ ಕನ್ನಡ. ನಿರೂಪಕನಿಗೆ ಚೋಮನ ಮೇಲೆ ಕರುಣೆ ಇದೆ, ಗೌರವವೂ ಇದೆ. ಆದರೂ ಅವನು ಅಂಗಳದಲ್ಲಿ ನಿಂತು ಗುಡಿಸಲ ಒಳಗೆ ನೋಡ್ತಾ ಇದ್ದಾನೆ. ದುಡಿಯ ಸದ್ದು ನಮಗೆ ಕೇಳುತ್ತೆ, ಬಡಿಯೋನ ಬಾಯಿಂದ ಅದರ ಲೆಕ್ಕಾಚಾರ ಕೇಳಲ್ಲ.

1967ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂತು. ಕಾದಂಬರಿಯ ಬಾಗಿಲಲ್ಲೇ ನಮಗೆ ಸಿಗೋನು ನಾಯಿಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಗುತ್ತಿಗೆ ಪ್ರೀತಿ ಇದೆ, ಠೀವಿ ಇದೆ, ತಿಮ್ಮಿಯನ್ನ ಹಾರಿಸಿಕೊಂಡು ಹೋಗೋ ಧೈರ್ಯ ಇದೆ. ಬರೀ ನೋವು ತಿನ್ನೋ ಬೊಂಬೆ ಅಲ್ಲ ಅವನು. ನಮ್ಮನ್ನ ಪೂರ್ತಿ ಮನುಷ್ಯರಾಗಿ ನೋಡೋ ಕಡೆಗೆ ಇದು ದೊಡ್ಡ ಹೆಜ್ಜೆ.

ಆಮೇಲೆ 1973. ಅನಂತಮೂರ್ತಿಯವರ ‘ಭಾರತೀಪುರ’. ಇಂಗ್ಲೆಂಡಲ್ಲಿ ಓದಿ ಬಂದ ಜಮೀನುದಾರ ಜಗನ್ನಾಥ, ಮಂಜುನಾಥನ ಗುಡಿಗೆ ಹೊಲೆಯರನ್ನ ನುಗ್ಗಿಸಬೇಕು ಅಂತ ಹೊರಡ್ತಾನೆ. ಅದರಲ್ಲೊಂದು ಹೆಸರುವಾಸಿ ದೃಶ್ಯ ಇದೆ: ಮನೆಯ ಸಾಲಿಗ್ರಾಮ ತಂದು ಆ ಹುಡುಗರ ಕೈಲಿ ಮುಟ್ಟಿಸೋದು. ಅವರು ಹೆದರಿ ಹಿಂದೆ ಸರೀತಾರೆ, ಇವನು ಗದರಿಸ್ತಾನೆ. ಆ ಹೊತ್ತಿನಲ್ಲಿ ಜಗನ್ನಾಥನ ಮನಸ್ಸಿನ ತಳಮಳ ಪದರ ಪದರವಾಗಿ ನಮಗೆ ಗೊತ್ತಾಗುತ್ತೆ. ಕೈ ಚಾಚಿದ ಹುಡುಗನ ಎದೆಯೊಳಗೆ ಏನಾಯ್ತು? ಅದು ಗೊತ್ತಾಗೋದೇ ಇಲ್ಲ. ಲೇಖಕರಿಗೆ ಆ ಮಿತಿ ತಿಳಿದೇ ಇದ್ದಿರಬಹುದು, ಕಾದಂಬರಿ ಇರೋದೇ ಜಗನ್ನಾಥನ ಬಗ್ಗೆ ಅನ್ನಬಹುದು. ಇರಲಿ. ಆದರೆ ಕತೆ ಬರೆಯೋರಿಗೆ ಇಲ್ಲಿ ದೊಡ್ಡ ಪಾಠ ಇದೆ. ಒಂದೇ ಘಟನೆ ಯಾರ ಕಣ್ಣಿಂದ ಹೇಳ್ತೀವಿ ಅನ್ನೋದರ ಮೇಲೆ, ಯಾರು ಮನುಷ್ಯರು, ಯಾರು ಗುಂಪು ಅನ್ನೋದು ತೀರ್ಮಾನ ಆಗಿಬಿಡುತ್ತೆ. ಇದು ಬರೀ ತಂತ್ರದ ವಿಷಯ ಅಂತ ನನಗನ್ನಿಸಲ್ಲ. ಇದು ಅಧಿಕಾರದ ವಿಷಯ.

ಅದೇ 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮುಂದಿನದು ನಿಮಗೆಲ್ಲ ಗೊತ್ತು. ರಾಜ್ಯ ಹೊತ್ತಿ ಉರೀತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯ್ತು. ಆ ಕಿಚ್ಚಿನಿಂದಲೇ ಪ್ರೊ. ಬಿ. ಕೃಷ್ಣಪ್ಪನವರಂಥ ಹಿರಿಯರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಚಳವಳಿಯ ಈ ಕತೆಯನ್ನ ನಾವು ಪ್ರತಿ ಸಭೆಯಲ್ಲೂ ಹೇಳ್ತೀವಿ.

ಆದರೆ ಅದೇ 1973ರಲ್ಲೇ ಇನ್ನೊಂದು ಘಟನೆ ಆಯ್ತು, ಅದನ್ನ ಸಭೆಗಳಲ್ಲಿ ಹೇಳೋದು ಕಡಿಮೆ. ನಂಜನಗೂಡು ತಾಲ್ಲೂಕಿನ ದೇವನೂರಿನ, ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ ಮಹಾದೇವ ಅವರ ‘ದ್ಯಾವನೂರು’ ಕಥಾಸಂಕಲನ ಬಂತು. ಬಸವಲಿಂಗಪ್ಪನವರು ‘ಇದರಲ್ಲಿ ನಾವೆಲ್ಲಿದ್ದೀವಿ’ ಅಂತ ಕೇಳಿದ ಹಾಗಿತ್ತು. ಆ ಪುಸ್ತಕ ‘ಇಲ್ಲಿದ್ದೀವಿ’ ಅಂತ ಎದ್ದು ನಿಂತ ಹಾಗಿತ್ತು. ಪ್ರಶ್ನೆ, ಉತ್ತರ ಎರಡೂ ಒಂದೇ ವರ್ಷದವು. ನಮ್ಮ ಹೋರಾಟ ಮತ್ತು ನಮ್ಮ ಕತೆಯ ಕಸುಬು ಓರಗೆಯವು, ಒಂದೇ ತೊಟ್ಟಿಲಲ್ಲಿ ಬೆಳೆದವು. ಪಕ್ಕದ ಮಹಾರಾಷ್ಟ್ರದಲ್ಲೂ ಹಾಗೇ. ಬಾಬುರಾವ್ ಬಾಗುಲರ ಕತೆಗಳು 1963ರಲ್ಲೇ ಪುಸ್ತಕವಾಗಿ ಬಂದಿದ್ದವು. 1972ರಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದವರ ಮುಂಚೂಣಿಯಲ್ಲಿದ್ದವರು ನಾಮದೇವ ಢಸಾಳರಂಥ ಕವಿಗಳು, ಬರಹಗಾರರು. ಕಲೆ ಬೇರೆ ಹೋರಾಟ ಬೇರೆ ಅಂತ ಅವರ್ಯಾರೂ ಅಂದುಕೊಂಡಿರಲಿಲ್ಲ.

ಈಗ ಕಸುಬಿನ ಒಳಕ್ಕೆ ಇಳಿಯೋಣ.

‘ದ್ಯಾವನೂರು’ ಸಂಕಲನದ ‘ಅಮಾಸ’ ಕತೆ ತಗೊಳ್ಳಿ. ಅಮಾವಾಸ್ಯೆ ದಿನ ಹುಟ್ಟಿದ್ದಕ್ಕೆ ಆ ಹುಡುಗನ ಹೆಸರು ಅಮಾಸ. ತಬ್ಬಲಿ. ಅವನನ್ನ ಸಾಕೋನು ಕುರಿಯಯ್ಯ ಅನ್ನೋ ಮುದುಕ. ಮಾರಿಹಬ್ಬದಲ್ಲಿ ಹುಲಿವೇಷ ಹಾಕಿ ಅಮಾಸ ಕುಣೀತಾನೆ. ಇಷ್ಟನ್ನ ಇಟ್ಟುಕೊಂಡು ನಾವಾದರೆ ಏನು ಮಾಡ್ತಿದ್ವಿ? ತಬ್ಬಲಿ ಅಂತ ನಾಲ್ಕು ಪುಟ ಕಣ್ಣೀರು, ಗೌಡನ ಕೈಲಿ ಒದೆ, ಕೊನೆಗೊಂದು ಭಾಷಣ. ಮಹಾದೇವ ಅದನ್ನ ಮಾಡಲಿಲ್ಲ. ಆ ಹುಡುಗನಿಗೆ ಕುಣಿಯೋ ಖುಷಿ ಕೊಟ್ಟರು. ಖುಷಿ ಗೊತ್ತಿರೋ ಮಗುವಿಗೆ ಮುಂದೇನಾಗುತ್ತೋ ಅಂತ ಓದೋರಿಗೆ ಭಯ ಆಗುತ್ತೆ. ಬರೀ ನೋವೇ ಇದ್ದರೆ ಓದೋನು ಅಯ್ಯೋ ಪಾಪ ಅಂದು ಪುಟ ಮಗುಚ್ತಾನೆ.

ಆಮೇಲೆ ಬಂದ ‘ಒಡಲಾಳ’. ಸಾಕವ್ವ ಅನ್ನೋ ಮುದುಕಿಯ ಹುಂಜ ಕಳೆದುಹೋಗಿದೆ, ಅದನ್ನ ಹುಡುಕ್ತಾಳೆ. ರಾತ್ರಿ ಮನೆಗೆ ಎತ್ತಪ್ಪನ ಕಡ್ಲೆಕಾಯಿ ಮೂಟೆ ಬರುತ್ತೆ, ಕದ್ದ ಮಾಲು. ಮನೆಮಂದಿಯೆಲ್ಲ ಸುತ್ತ ಕೂತು ರಾತ್ರಿಯೆಲ್ಲ ಸುಲಿದು ತಿಂತಾರೆ. ಬೆಳಿಗ್ಗೆ ಪೊಲೀಸರು ಬರ್ತಾರೆ. ಹೇಳೋದಾದರೆ ಕತೆ ಇಷ್ಟೇ. ಹಸಿವಿನ ಬಗ್ಗೆ ಅಲ್ಲಿ ಉಪನ್ಯಾಸ ಇಲ್ಲ. ಆದರೆ ಒಂದು ಮೂಟೆ ಕಡ್ಲೆಕಾಯಿ ಒಂದು ರಾತ್ರಿಯಲ್ಲಿ ಹೊಟ್ಟೆ ಸೇರೋ ಆ ಸಂಭ್ರಮ ಓದಿದ ಮೇಲೆ, ಹಸಿವು ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಳ್ಳತನ ಯಾವುದು, ಯಾರದು ಅನ್ನೋ ಪ್ರಶ್ನೆಯನ್ನೂ ಬರೆದವರು ಕೇಳಲ್ಲ, ಓದಿದವರ ಬಾಯಲ್ಲಿ ಬರೋ ಹಾಗೆ ಮಾಡ್ತಾರೆ.

ಹುಂಜ, ಕಡ್ಲೆಕಾಯಿ, ಹುಲಿವೇಷ. ದೊಡ್ಡ ಮಾತು ಒಂದೂ ಇಲ್ಲ, ಎಲ್ಲ ಕೈಗೆ ಸಿಗೋ ವಸ್ತುಗಳು.

ಆಮೇಲೆ ‘ಕುಸುಮಬಾಲೆ’. ದಲಿತ ಹುಡುಗ ಚನ್ನ, ಮೇಲ್ಜಾತಿಯ ಕುಸುಮ, ಪ್ರೀತಿ, ಕೊಲೆ. ವಿಷಯ ನಮಗೆ ಹೊಸದಲ್ಲ, ಪೇಪರಲ್ಲಿ ಇವತ್ತೂ ಓದ್ತೀವಿ. ಹೊಸದು ಹೇಳಿದ ರೀತಿ. ಅಲ್ಲಿವರೆಗೆ ಪಾತ್ರಗಳು ಮಾತ್ರ ಹಳ್ಳಿ ಮಾತಾಡ್ತಿದ್ದವು. ಆ ಮಾತಿಗೆ ಉದ್ಧರಣ ಚಿಹ್ನೆ ಹಾಕಿ, ಅದರ ಹೊರಗೆ ನಿರೂಪಕ ಶಿಷ್ಟ ಕನ್ನಡದಲ್ಲಿ ಕೂತಿರ್ತಿದ್ದ. ಮಹಾದೇವ ಆ ಗೋಡೆಯನ್ನೇ ಕೆಡವಿದರು. ಕತೆ ಹೇಳೋನೇ ಆ ಸೀಮೆಯ ಮಾತಲ್ಲಿ ಹೇಳ್ತಾನೆ. ರಾತ್ರಿ ಹೊತ್ತು ಮನೆಮನೆಯ ದೀಪಗಳು, ಜೋತಮ್ಮಗಳು, ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ತವೆ. ಇದನ್ನ ಯಾವ ಪರದೇಶದ ಪುಸ್ತಕದಿಂದ ತಂದರು ಅಂತ ಹುಡುಕೋ ಅಗತ್ಯವಿಲ್ಲ. ಮಂಟೇಸ್ವಾಮಿ, ಮಾದಪ್ಪನ ಕಾವ್ಯಗಳನ್ನ ರಾತ್ರಿಯಿಡೀ ಹಾಡೋ ನೀಲಗಾರರ, ಕಂಸಾಳೆಯವರ ಸೀಮೆ ಅದು. ಅಲ್ಲಿ ಕಲ್ಲಿಗೂ ಬಾಯಿ ಬರುತ್ತೆ, ಗದ್ಯ ಯಾವಾಗ ಹಾಡಾಯ್ತು ಅನ್ನೋದು ಗೊತ್ತಾಗಲ್ಲ. ನಮ್ಮ ಹಿರೀಕರ ಕೈಲೇ ಇದ್ದ ಕಸುಬದು.

ಪುಸ್ತಕ ಬಂದಾಗ ‘ಈ ಭಾಷೆ ಅರ್ಥ ಆಗಲ್ಲ’ ಅನ್ನೋ ದೂರು ಎದ್ದಿತು. ನಮ್ಮ ಅಪ್ಪ ಅಮ್ಮಂದಿರಿಗೆ ಪಠ್ಯಪುಸ್ತಕದ ಭಾಷೆ ಅರ್ಥ ಆಗದಿದ್ದಾಗ ಯಾರೂ ಭಾಷೆಯ ಮೇಲೆ ದೂರು ಕೊಟ್ಟಿರಲಿಲ್ಲ, ಅವರನ್ನೇ ದಡ್ಡರು ಅಂದಿದ್ದರು. 1990ರಲ್ಲಿ ಅದೇ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ದೊಡ್ಡದು ಅಂತ ಹೇಳ್ತಾ ಇಲ್ಲ. ಕನ್ನಡ ಕಾದಂಬರಿ ಅಂದರೆ ಹೀಗೇ ಇರಬೇಕು ಅನ್ನೋ ಬೇಲಿ ಕಿತ್ತದ್ದು ದೊಡ್ಡದು. ಅದನ್ನ ಮಾಡಿದ್ದು ಕೇರಿಯ ಮಾತು.

ಚಳವಳಿ ಜೋರಾಗಿದ್ದ ಕಾಲದಲ್ಲಿ ನಮಗೆ ಹಾಡು ಮುಖ್ಯವಾಗಿತ್ತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಅದು ಬಾಯಿಂದ ಬಾಯಿಗೆ ಹರೀತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. ಅದೇ ವರ್ಷ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಮೆರವಣಿಗೆಯಲ್ಲಿ ಸಾವಿರ ಜನ ಒಂದೇ ಉಸಿರಲ್ಲಿ ಹೇಳೋಕೆ ಘೋಷಣೆ ಬೇಕು, ಹಾಡು ಬೇಕು. ಅದು ಅದರ ಧರ್ಮ. ಆದರೆ ಕತೆ ಓದೋನು ಒಬ್ಬನೇ ಇರ್ತಾನೆ. ರಾತ್ರಿ ಬಲ್ಬಿನ ಕೆಳಗೆ, ಬಸ್ಸಿನ ಕಿಟಕಿ ಪಕ್ಕ. ಒಬ್ಬನೇ ಕೂತಿರೋನ ಕಿವಿಗೆ ಮೈಕ್ ಹಿಡಿದು ಕೂಗಿದರೆ ಅವನು ಎದ್ದು ಹೋಗ್ತಾನೆ. ಅವನ ಹತ್ತಿರ ಕೂತು ಮಾತಾಡಬೇಕು. ಅದೇ ಸಿದ್ಧಲಿಂಗಯ್ಯನವರು 1990ರ ದಶಕದಲ್ಲಿ ಆತ್ಮಕತೆ ‘ಊರು ಕೇರಿ’ ಬರೆದಾಗ ಹಾಡಿನ ದನಿಯನ್ನ ಪೂರ್ತಿ ಕೆಳಗಿಳಿಸಿ, ನಗಿಸುತ್ತಾ ಹೇಳಿದರು. ಅವಮಾನದ ಘಟನೆಗೆ ನಾವು ನಗ್ತೀವಿ, ನಕ್ಕ ಮೇಲೆ ಗಂಟಲು ಕಟ್ಟುತ್ತೆ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಇದರಲ್ಲಿ ನಮ್ಮೆಲ್ಲರ ಮೊದಲ ಮೇಷ್ಟ್ರು ಬಾಬಾಸಾಹೇಬರೇ. ಅವರ ‘ವೀಸಾಗಾಗಿ ಕಾಯುತ್ತಾ’ ಬರಹ ಬಹಳ ಜನ ಓದಿರ್ತೀರಿ. ಕಟ್ಟುಕತೆ ಅಲ್ಲ, ಅವರ ಬದುಕಲ್ಲಿ ನಡೆದದ್ದು. ಆದರೂ ಕತೆ ಬರೆಯೋರು ಅದನ್ನ ಎದುರಿಗೆ ಇಟ್ಟುಕೊಳ್ಳಬೇಕು. 1901ರಲ್ಲಿ ಚಿಕ್ಕ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ದೂರದೂರಲ್ಲಿ ಕೆಲಸದಲ್ಲಿದ್ದ ಅಪ್ಪನನ್ನ ನೋಡೋಕೆ ರೈಲಲ್ಲಿ ಹೊರಡ್ತಾರೆ. ಹೊಸ ಬಟ್ಟೆ, ಹೊಳೆಯೋ ಟೋಪಿ. ಕಾಗದ ತಲುಪದೆ ಅಪ್ಪ ಸ್ಟೇಷನ್ನಿಗೆ ಬಂದಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ತಕ್ಷಣ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತೆ. ಗಾಡಿಯವರು ಬರೋಕೆ ಒಪ್ಪಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ತಾನೆ, ಆದರೆ ಗಾಡಿಯನ್ನ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. ಬುತ್ತಿ ತುಂಬ ಊಟ ಇದೆ, ಕುಡಿಯೋಕೆ ನೀರಿಲ್ಲ. ಮಕ್ಕಳು ಉಣ್ಣದೆ ಮಲಗ್ತಾರೆ.

ಜಾತಿವ್ಯವಸ್ಥೆ ಮೇಲೆ ಬಾಬಾಸಾಹೇಬರಿಗಿಂತ ಹೆಚ್ಚು ವಾದ ಮಾಡಬಲ್ಲವರು ಯಾರಿದ್ದಾರೆ? ಆದರೆ ಇಲ್ಲಿ ಅವರು ವಾದವನ್ನ ಪಕ್ಕಕ್ಕಿಟ್ಟು, ಟೋಪಿ, ಬಾಡಿಗೆ, ಬುತ್ತಿ, ನೀರು, ಇಷ್ಟನ್ನೇ ಹೇಳಿದರು. ಆ ಹೊಳೆಯೋ ಟೋಪಿ ಇಲ್ಲದಿದ್ದರೆ ಆ ಅವಮಾನ ಅಷ್ಟು ಚುಚ್ಚುತ್ತಿರಲಿಲ್ಲ. ವಾದ ಎಲ್ಲಿ ಮಾಡಬೇಕು, ಕತೆ ಎಲ್ಲಿ ಹೇಳಬೇಕು ಅನ್ನೋ ವಿವೇಕವನ್ನ ಅವರಿಂದಲೇ ಕಲೀಬೇಕು.

ನಾನು ಆಫೀಸಲ್ಲಿ ಗುಮಾಸ್ತ. ದಿನಾ ಅರ್ಜಿ, ಟಿಪ್ಪಣಿ, ಕಡತ. ಯುವಮಿತ್ರರು ಓದೋಕೆ ಕಳಿಸೋ ಕತೆಗಳಲ್ಲಿ ಎಷ್ಟೋ ನನಗೆ ಅರ್ಜಿ ಹಾಗೆ ಕಾಣ್ತವೆ. ಅರ್ಜಿಯಲ್ಲಿ ಅರ್ಜಿದಾರ ಯಾವಾಗಲೂ ಒಳ್ಳೆಯವನು, ಎದುರುದಾರ ಯಾವಾಗಲೂ ಕೆಟ್ಟವನು, ಕೊನೆಯಲ್ಲಿ ನ್ಯಾಯ ಕೊಡಿಸಬೇಕು ಅಂತ ಕೋರಿಕೆ. ಅರ್ಜಿ ಹಾಗೇ ಇರಬೇಕು. ಕತೆ ಹಾಗಿದ್ದರೆ ಓದೋನು ಸಹಿ ಹಾಕಿ ಪಕ್ಕಕ್ಕಿಡ್ತಾನೆ. ನಮ್ಮ ಕತೆಯ ಗೌಡ ಮೀಸೆ ತಿರುವುತ್ತಾ ಬರ್ತಾನೆ, ಬೈತಾನೆ, ಹೋಗ್ತಾನೆ. ನಿಜವಾದ ಗೌಡ ಹಾಗಿದ್ದಾನಾ? ಅವನು ನಗುನಗುತ್ತಾ ‘ಬಾರಪ್ಪಾ, ಟೀ ಕುಡಿ’ ಅಂತಾನೆ, ಪ್ಲಾಸ್ಟಿಕ್ ಲೋಟದಲ್ಲಿ ಕೊಡ್ತಾನೆ, ತಾನು ಸ್ಟೀಲ್ ಲೋಟದಲ್ಲಿ ಕುಡೀತಾನೆ. ಆ ಎರಡು ಲೋಟ ಬರೆದರೆ ಸಾಕು, ಮೀಸೆ ಬೇಡ. ಇವತ್ತಿನ ಜಾತಿ ನಗೋದನ್ನ ಕಲಿತಿದೆ, ಅದಕ್ಕೇ ಅದನ್ನ ಹಿಡಿಯೋಕೆ ಹಳೇ ಬಲೆ ಸಾಕಾಗಲ್ಲ. ಕಸುಬು ಚುರುಕಾಗಬೇಕು ಅನ್ನೋದು ಇದಕ್ಕೆ.

ಇನ್ನೊಂದು ಮಾತು, ಇದು ನಮ್ಮ ಗಂಡಸರಿಗೆ. ನಮ್ಮ ಕತೆಗಳಲ್ಲಿ ಹೆಂಗಸು ಬರೋದು ಎರಡೇ ಥರ: ಹಾಲುಣಿಸೋ ತಾಯಿ, ಇಲ್ಲವೇ ಅತ್ಯಾಚಾರಕ್ಕೆ ಸಿಕ್ಕವಳು. ಸಾಲಿಗ್ರಾಮದ ಹುಡುಗನ ಎದೆಯೊಳಗೆ ಏನಿತ್ತು ಅಂತ ನಾವು ಕೇಳೋದಾದರೆ, ನಮ್ಮ ಕತೆಯ ಹೆಣ್ಣುಮಗಳೂ ನಮ್ಮನ್ನ ಅದೇ ಪ್ರಶ್ನೆ ಕೇಳ್ತಾಳೆ. ಗೀತಾ ನಾಗಭೂಷಣ ಅವರನ್ನ ನೋಡಿ. ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು, ತಳಸಮುದಾಯದವರು. ಆ ಸೀಮೆಯ ಮಾತನ್ನೇ ಹಿಡಿದು ಬರೆದ ‘ಬದುಕು’ ಕಾದಂಬರಿಗೆ 2004ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರು. ದು. ಸರಸ್ವತಿ ಅವರ ‘ಸಣ್ತಿಮ್ಮಿ ರಾಮಾಯಣ’ ನೋಡಿ, ರಾಮಾಯಣವನ್ನೇ ಸಣ್ತಿಮ್ಮಿ ತನ್ನ ಬಾಯಲ್ಲಿ ತನ್ನ ಲೆಕ್ಕದಲ್ಲಿ ಹೇಳ್ತಾಳೆ. ಕೇರಿಯೊಳಗೂ ಒಂದು ಅಂಗಳ, ಒಂದು ಒಳಮನೆ ಇದೆ. ನಾವು ಗಂಡಸರು ಇನ್ನೂ ಅಂಗಳದಲ್ಲೇ ನಿಂತು ಬರೀತಿದ್ದೀವಿ.

ಬರೆಯೋ ತಮ್ಮ ತಂಗಿಯರಿಗೆ ಇಷ್ಟೇ ಹೇಳ್ತೀನಿ. ‘ಶೋಷಣೆ’ ಅನ್ನೋ ಪದ ಬರೆಯೋ ಮುಂಚೆ ಅದು ಯಾವ ವಸ್ತುವಿನ ರೂಪದಲ್ಲಿ ಬಂತು ಅಂತ ನೆನಪು ಮಾಡಿಕೊಳ್ಳಿ: ಲೋಟವೋ, ಕೊಡವೋ, ಬಾಡಿಗೆ ಮನೆಯ ‘ನಿಮ್ಮ ಕಡೆ ಏನು ಅಡುಗೆ’ ಅನ್ನೋ ಪ್ರಶ್ನೆಯೋ. ನಿಮ್ಮ ತಾಲ್ಲೂಕಿನ ಮಾತನ್ನ ನಾಚಿಕೆ ಇಲ್ಲದೆ ಬರೀರಿ, ಪಾತ್ರದ ಬಾಯಲ್ಲಿ ಮಾತ್ರ ಅಲ್ಲ, ನಿಮ್ಮ ಬಾಯಲ್ಲೂ. ಬರೆದದ್ದನ್ನ ಮನೆಯಲ್ಲಿ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ. ಅವ್ವ ಎಲ್ಲಿ ಆಕಳಿಸ್ತಾಳೋ ಅಲ್ಲಿ ಭಾಷಣ ಶುರುವಾಗಿದೆ ಅಂತ ಅರ್ಥ. ತಿದ್ದಿ, ಮತ್ತೆ ತಿದ್ದಿ. ದೇವನೂರರ ಕಥನ ಎಲ್ಲ ಸೇರಿದರೂ ಮೂರು ತೆಳ್ಳನೆ ಪುಸ್ತಕ, ಅಷ್ಟರಲ್ಲೇ ಕನ್ನಡದ ದಿಕ್ಕು ಬದಲಾಯ್ತು. ತಮಟೆ ಬಾರಿಸೋರನ್ನ ಕೇಳಿ, ಬೆಂಕಿಗೆ ಹಿಡಿದು ಕಾಯಿಸದೆ ಯಾರೂ ಬಾರಿಸಲ್ಲ. ಕಾಯಿಸದ ತಮಟೆ ಮೆತ್ತಗೆ ಸದ್ದು ಮಾಡುತ್ತೆ, ಕೈ ಎಷ್ಟೇ ಜೋರಿದ್ದರೂ.

ನಮ್ಮ ಹಿರಿಯ ಸಂಗಾತಿಗಳಲ್ಲಿ ಒಂದು ಬಿನ್ನಹ. ನಮ್ಮ ಹುಡುಗರು ಕತೆ ಹಾಕಿದ ಕೂಡಲೇ ಜೈಭೀಮ್, ಸೂಪರ್ ಅಂತ ಹಾಕಿ ಮುಂದೆ ಹೋಗಬೇಡಿ. ಎಲ್ಲಿ ಸೋತಿದೆ ಅಂತ ಪ್ರೀತಿಯಿಂದ ಹೇಳಿ. ಹೊಗಳಿ ಬಿಟ್ಟುಬಿಡೋದೂ ಒಂಥರಾ ಕೈಬಿಟ್ಟ ಹಾಗೇ. ಹೊರಗಿನವರು ‘ಕಲೆ ಇಲ್ಲ’ ಅಂದು ಬಾಗಿಲು ಹಾಕ್ತಾರೆ, ನಾವು ‘ಕಲೆ ಬೇಡ’ ಅಂದು ಅದೇ ಬಾಗಿಲಿಗೆ ಒಳಗಿಂದ ಚಿಲಕ ಹಾಕೋದು ಬೇಡ.

ಇದೆಲ್ಲ ಯಾಕೆ ಮುಖ್ಯ ಅಂದರೆ, 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆ ಆದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಡತದ ಕೆಲಸ ಮಾಡೋನಾಗಿ ಹೇಳ್ತೀನಿ, ಕಡತದಲ್ಲಿ ಉಳಿಯೋದು ‘ಮೃತರು 7’ ಅನ್ನೋ ಸಂಖ್ಯೆ. ಆ ಮನೆಯಲ್ಲಿ ಅವತ್ತು ಒಲೆ ಮೇಲೆ ಏನಿತ್ತು, ಯಾರಿಗೆ ಯಾರ ಮೇಲೆ ಮುನಿಸಿತ್ತು, ನಾಳೆಗೆ ಅಂತ ಏನು ತೆಗೆದಿಟ್ಟಿದ್ದರು, ಇದಕ್ಕೆ ಕಡತದಲ್ಲಿ ಕಾಲಂ ಇಲ್ಲ. ಕೋರ್ಟು ಮುಗಿಸಿದ್ದನ್ನ ಮುಗಿಯೋಕೆ ಬಿಡದೆ ಇಡೋ ಶಕ್ತಿ ಕತೆಗೆ ಇದೆ, ಅದೂ ಚೆನ್ನಾಗಿ ಕಟ್ಟಿದ ಕತೆಗೆ ಮಾತ್ರ. ಕೆಟ್ಟದಾಗಿ ಬರೆದರೆ ಸತ್ತವರು ಇನ್ನೊಂದು ಸಲ ಸಂಖ್ಯೆ ಆಗ್ತಾರೆ.

ಹಾಗಾಗಿ ಕಸುಬು ಕಲಿಯೋಣ. ಪ್ರತಿ ತಾಲ್ಲೂಕಲ್ಲೂ ತಿಂಗಳಿಗೊಂದು ಭಾನುವಾರ ನಾಲ್ಕು ಜನ ಸೇರಿ ಒಬ್ಬರ ಕತೆ ಇನ್ನೊಬ್ಬರು ಓದಿ, ತಿದ್ದಿ, ಜಗಳ ಆಡೋಣ. ಜಾಗ ಇಲ್ಲ ಅಂದ್ರೆ ಅಂಬೇಡ್ಕರ್ ಭವನದ ಮೆಟ್ಟಿಲು ಇದ್ದೇ ಇದೆ. ನಿಮ್ಮ ಊರಲ್ಲಿ ಶುರು ಮಾಡೋದಾದರೆ ಕೆಳಗೆ ಹೇಳಿ, ಹತ್ತಿರದವರು ಸೇರಿಕೊಳ್ತಾರೆ.

ಜೈಭೀಮ್.